ನಾಲ್ಕೂರ ನಾಲ್ವರು, ಒಂದೇ ತಿಜೋರಿ

ರಾತ್ರಿ ಹತ್ತರ ಸುಮಾರಿಗೆ ಹಾನಗಲ್ಲಿನ ನಮ್ಮಣ್ಣನ ಮನೆಯ ಮಾಳಿಗೆಯ ಕೋಣೆಯಿಂದ ಒಂದು ಕೂಗು ಬಂತು: “ಲೇ, ಸವಣೂರಾವ ಮತ್ತ ಬಿದ್ದಾನ, ಎಬ್ಬಸ್ರಲೇ!” ಅಡಿಗೆಮನೆಯಲ್ಲಿದ್ದ ವೈನಿ ಸೌಟಿನ ಸಮೇತ ಹೊರಗೆ ಬಂದರು. “ಯಾರು ಬಿದ್ರು?” ಯಾರೂ ಬಿದ್ದಿರಲಿಲ್ಲ. ಪದವಿಯ ಕೊನೆಯ ವರ್ಷದಲ್ಲಿರುವ ಅವರ ಮಗ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ತಂತಮ್ಮ ಮನೆಗಳಲ್ಲೇ ಕುಳಿತಿದ್ದ ಮೂವರು ಸಹಪಾಠಿಗಳನ್ನು ಕೂಡಿಕೊಂಡು ಕಂಪ್ಯೂಟರಿನಲ್ಲಿ ಒಂದು ಬ್ಯಾಂಕು ದೋಚುತ್ತಿದ್ದ, ಅಷ್ಟೇ.

“ಅಷ್ಟೇ ಅಂದ್ರ? ಕಳ್ಳತನ ಕಲಸೂ ಆಟ ಅದು. ಪೇಪರಿನ್ಯಾಗ ಬರೀತೀರಿ, ನೀವಾರ ಬುದ್ಧಿ ಹೇಳ್ರಿ ಅವಂಗ” ಎಂದರು ವೈನಿ. ಬುದ್ಧಿ ಹೇಳುವ ಮೊದಲು ಆಟವನ್ನಾದರೂ ನೋಡೋಣವೆಂದು ಮೂರು ರಾತ್ರಿ ಹುಡುಗನ ಬಗಲಿಗೆ ಕುಳಿತೆ.

ಪಾಲಕರಿಗೆ ಮೊದಲು ಒಂದು ಮಾತು. ಈ ಆಟದ ಹೆಸರು ‘ಪೇಡೇ 2’. ಸ್ವೀಡನ್ನಿನ ಓವರ್‌ಕಿಲ್ ಎಂಬ ಸಂಸ್ಥೆ 2013ರ ಆಗಸ್ಟ್‌ನಲ್ಲಿ ಹೊರತಂದದ್ದು. ಯುರೋಪಿನಲ್ಲಿ ಇದಕ್ಕೆ ‘18’ರ ಮುದ್ರೆ ಬಿದ್ದಿದೆ. ಹೈಸ್ಕೂಲಿನ ಮಕ್ಕಳ ಕೈಗೆ ಕೊಡುವ ವಸ್ತು ಇದಲ್ಲ; ಆ ವಿಷಯದಲ್ಲಿ ನಾನು ವೈನಿಯ ಕಡೆಗೇ. ಆದರೆ ನಮ್ಮ ಹುಡುಗರು ಮತದಾನದ ವಯಸ್ಸು ದಾಟಿದವರು. ಇನ್ನು ದರೋಡೆಯ ಕಥೆ ಎಂಬ ಕಾರಣಕ್ಕೇ ಮೂಗು ಮುರಿಯುವುದಾದರೆ, ಹಾನಗಲ್ಲನ್ನು ವಿರಾಟನಗರ ಎನ್ನುವ ಐತಿಹ್ಯವನ್ನು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ! ತ್ರಿಗರ್ತರ ಸುಶರ್ಮ ಒಂದು ದಿಕ್ಕಿನಿಂದ ದನ ಹೊಡೆದು ಸೈನ್ಯವನ್ನೆಲ್ಲ ಆ ಕಡೆಗೆ ಸೆಳೆದದ್ದು, ಊರು ಬರಿದಾದ ಮೇಲೆ ಇನ್ನೊಂದು ದಿಕ್ಕಿನಿಂದ ಕೌರವರು ಬಂದದ್ದು – ಇಷ್ಟು ಅಚ್ಚುಕಟ್ಟಾದ ದರೋಡೆ ‘ಪೇಡೇ’ಯಲ್ಲೂ ಅಪರೂಪ.

ಆಟದ ಕ್ರಮ ಹೀಗಿದೆ. ನಾಲ್ವರು ಮುಖವಾಡ ಹಾಕಿ ಒಳನುಗ್ಗುತ್ತಾರೆ. ತಿಜೋರಿಗೆ ಡ್ರಿಲ್ ಹಚ್ಚುತ್ತಾರೆ. ಅದು ನಡುನಡುವೆ ಕೆಟ್ಟು ನಿಲ್ಲುತ್ತದೆ, ಯಾರಾದರೂ ಹೋಗಿ ಮತ್ತೆ ಚಾಲೂ ಮಾಡಬೇಕು. ಹೊರಗಿನಿಂದ ಪೊಲೀಸರು ಅಲೆ ಅಲೆಯಾಗಿ ಬರುತ್ತಾರೆ. ಗುಂಡು ತಗುಲಿ ಬಿದ್ದವನನ್ನು ಜೊತೆಗಾರ ಬಂದು ಎಬ್ಬಿಸಬೇಕು. ತಡವಾದರೆ ಅವನು ಪೊಲೀಸರ ವಶ. ಒತ್ತೆಯಾಳನ್ನು ಬಿಟ್ಟುಕೊಟ್ಟು ಬಿಡಿಸಿಕೊಳ್ಳಬೇಕು. ಗದ್ದಲವಿಲ್ಲದೆ ಸದ್ದಡಗಿಸಿ ದೋಚುವ ದಾರಿಯೂ ಉಂಟು. ಅಲ್ಲಿ ಕಾವಲುಗಾರನೊಬ್ಬ ಬಿದ್ದರೆ ಅವನ ಸೊಂಟದ ಪೇಜರಿಗೆ ಇವರೇ ಉತ್ತರ ಕೊಡಬೇಕು, ಅದೂ ಒಟ್ಟು ನಾಲ್ಕೇ ಸಲ. ಐದನೆಯದಕ್ಕೆ ಗಂಟೆ ಬಾರಿಸಿತೆಂದೇ ಲೆಕ್ಕ. ಪೇಜರು ಕಂಡವರು ಈ ಪುಟದ ಹಳೆಯ ವಾಚಕರಲ್ಲಿ ಮಾತ್ರ ಉಳಿದಿರಬಹುದು.

ತಂಟೆ ಇರುವುದು ಕಷ್ಟದ ಮೆಟ್ಟಿಲುಗಳಲ್ಲಿ. ನಾರ್ಮಲ್, ಹಾರ್ಡ್, ವೆರಿ ಹಾರ್ಡ್, ಓವರ್‌ಕಿಲ್, ಮೇಹೆಮ್, ಡೆತ್ ವಿಶ್, ಡೆತ್ ಸೆಂಟೆನ್ಸ್ – ಒಟ್ಟು ಏಳು. ಮೆಟ್ಟಿಲು ಏರಿದಂತೆ ಗಳಿಕೆಯೂ ಏರುತ್ತದೆ. ಹಾನಗಲ್ಲಿನವನೂ ಶಿಗ್ಗಾವಿಯವನೂ ನೂರನೇ ಹಂತ ಮುಟ್ಟಿ, ಅದರೊಂದಿಗೆ ಬರುವ 120 ಕೌಶಲ ಅಂಕಗಳನ್ನು ಜೇಬಿಗಿಳಿಸಿದವರು. ಸವಣೂರಿನವ ಈ ರಜೆಯಲ್ಲಿ ಹೊಸದಾಗಿ ಸೇರಿದವ, ನಲವತ್ತರ ಹಂತದಲ್ಲಿ ತೆವಳುತ್ತಿದ್ದಾನೆ. ನಾಲ್ವರೂ ಹೊಕ್ಕದ್ದು ಓವರ್‌ಕಿಲ್ ಮೆಟ್ಟಿಲಿಗೆ.

“ಅವಂಗ ಆಡಾಕ ಬರಂಗಿಲ್ಲ ಕಾಕಾ. ಅವನ್ನ ಎಬ್ಬಸೂದ್ರಾಗ ನಮ್ಮ ಆಟ ಮುಗೀತೈತಿ.” ಎರಡನೇ ರಾತ್ರಿ ಹುಡುಗ ಇದನ್ನು ಮೈಕು ಬಂದ್ ಮಾಡದೆಯೇ ಹೇಳಿಬಿಟ್ಟ. ಮೂರನೇ ರಾತ್ರಿ ಸವಣೂರಿನವ ಬರಲಿಲ್ಲ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳೆಯರು! ಶಿಗ್ಗಾವಿಯವ ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ.

ತಪ್ಪು ಯಾರದು? ಕಷ್ಟವನ್ನು ಹೆಚ್ಚಿಸುವುದರಲ್ಲಿ ಎರಡು ಬಗೆ. ಒಂದು ಸೋಮಾರಿ ಬಗೆ: ಎದುರಾಳಿಯ ಚರ್ಮ ದಪ್ಪ ಮಾಡು, ಅವನ ಗುಂಡಿನ ಪೆಟ್ಟು ಜೋರು ಮಾಡು. ಆಗ ಪಳಗಿದವನಿಗೆ ತುಸು ಬೆವರು, ಹೊಸಬನಿಗೆ ನೆಲವೇ ಗತಿ. ಇನ್ನೊಂದು ಜಾಣ ಬಗೆ. ಇದೇ ಆಟದಲ್ಲಿ ಟೇಸರ್ ಎಂಬ ಪೊಲೀಸಿನವನಿದ್ದಾನೆ. ಅವನು ಕರೆಂಟು ಹೊಡೆದರೆ ಕೈಕಾಲು ಸೆಟೆದು ನಿಲ್ಲುತ್ತವೆ, ಸಾಮಾನ್ಯವಾಗಿ ಜೊತೆಗಾರನೇ ಬಿಡಿಸಬೇಕು. ಕ್ಲೋಕರ್ ಎಂಬವನು ಮೂಲೆಯಿಂದ ಹಾರಿ ಒಂದೇ ಒದೆತಕ್ಕೆ ಕೆಡವುತ್ತಾನೆ. ಗುರಾಣಿ ಹಿಡಿದು ಬರುವವನನ್ನು ಒಬ್ಬ ಮುಂದಿನಿಂದ ತಡೆದರೆ ಇನ್ನೊಬ್ಬ ಬಳಸಿಕೊಂಡು ಹೋಗಿ ಹಿಂದಿನಿಂದ ಹೊಡೆಯಬೇಕು. ಇಂಥವರ ಎದುರು ನೂರನೇ ಹಂತದ ಶೂರನಿಗೂ ನಲವತ್ತರವನು ಬೇಕಾಗುತ್ತಾನೆ. 2008ರಲ್ಲಿ ಅಮೆರಿಕದ ವಾಲ್ವ್ ಸಂಸ್ಥೆ ‘ಲೆಫ್ಟ್ 4 ಡೆಡ್’ ಎಂಬ ನಾಲ್ವರ ಆಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: ತಂಡ ಎಷ್ಟು ನಲುಗಿದೆ ಎಂದು ಯಂತ್ರವೇ ಅಳೆದು, ದಾಳಿಯನ್ನು ಏರಿಸಿ ಇಳಿಸಿ ಉಸಿರಾಡಲು ಬಿಡುತ್ತಿತ್ತು. ‘ಪೇಡೇ 2’ರಲ್ಲಿ ಎರಡೂ ಬಗೆ ಬೆರೆತಿವೆ, ಮೇಲಿನ ಮೆಟ್ಟಿಲುಗಳಲ್ಲಿ ಸೋಮಾರಿ ಬಗೆಯ ಪಾಲು ತುಸು ಹೆಚ್ಚೇ ಆಯಿತು ಎಂಬುದು ನನ್ನ ಅನಿಸಿಕೆ.

ಈ ತೂಕದಲ್ಲಿ ದುಡ್ಡೂ ಒಮ್ಮೆ ಕೈಯಾಡಿಸಿತ್ತು. ಆಟದೊಳಗೆ ಬೀಗ ಹಾಕಿದ ಪೆಟ್ಟಿಗೆಗಳು, ಅವನ್ನು ತೆರೆಯಲು ನಿಜವಾದ ಹಣ ಕೊಟ್ಟು ಕೊಳ್ಳಬೇಕಾದ ಡ್ರಿಲ್ಲು – ಇದು 2015ರ ಅಕ್ಟೋಬರ್‌ನಲ್ಲಿ ಬಂದ ಏರ್ಪಾಡು. ಒಳಗೆ ಸಿಗುವ ಕೆಲವು ಬಣ್ಣದ ಹೊದಿಕೆಗಳು ಬಂದೂಕಿಗೆ ತುಸು ಬಲವನ್ನೂ ಕೂಡಿಸುತ್ತಿದ್ದವು. ಅಂಥದ್ದನ್ನು ಮಾಡುವುದಿಲ್ಲವೆಂದು ಮೊದಲೇ ಮಾತು ಕೊಟ್ಟವರು ಹೀಗೆ ಮಾಡಿದರೆಂದು ಆಟಗಾರರು ಸಿಟ್ಟಿಗೆದ್ದರು. ಮಾತೃಸಂಸ್ಥೆ ಸ್ಟಾರ್‌ಬ್ರೀಜ್ 2016ರ ಮೇ ತಿಂಗಳಲ್ಲಿ ಆಟದ ಹಕ್ಕನ್ನು ಪೂರ್ತಿ ಕೊಂಡುಕೊಂಡು, ಆ ವ್ಯಾಪಾರವನ್ನು ನಿಲ್ಲಿಸಿತು. ಮಕ್ಕಳು ಆಟಕ್ಕೆಂದು ದುಡ್ಡು ಕೇಳಿದಾಗ ಅದು ಆಟ ಕೊಳ್ಳಲಿಕ್ಕೋ, ಆಟದೊಳಗಿನ ಪೆಟ್ಟಿಗೆಗೋ ಎಂದು ಪಾಲಕರು ಕೇಳಿ ನೋಡಬಹುದು.

ಸವಣೂರಿನವನಿಗೆ ಇನ್ನೊಂದು ತೊಡಕೂ ಇತ್ತು: ಕಥೆಯೇ ಹತ್ತುತ್ತಿರಲಿಲ್ಲ. ವರ್ಷಗಟ್ಟಲೆ ಕಂತುಕಂತಾಗಿ ಬೆಳೆದ ಕಥೆ ಅದು. 2013ರಲ್ಲಿ ಹಾಕ್ಸ್‌ಟನ್ ಎಂಬ ಹೆಸರಿನಿಂದ ಮುಖವಾಡ ತೊಟ್ಟಿದ್ದವನು ನಿಜವಾದ ಹಾಕ್ಸ್‌ಟನ್ ಅಲ್ಲ, ನಿಜವಾದವನು ಜೈಲಿನಲ್ಲಿದ್ದ. 2014ರ ಅಕ್ಟೋಬರ್‌ನ ಕಂತಿನಲ್ಲಿ ಅವನನ್ನು ಬಿಡಿಸಿ ತಂದರು, ಬದಲಿಯವನು ಹ್ಯೂಸ್ಟನ್ ಆದ. ಇಲ್ಲಿಯವರೆಗೆ ಸೊಗಸಾಗಿಯೇ ಇದೆ. ಆದರೆ ಕೆಲಸಗಳನ್ನು ಯಾವ ಕ್ರಮದಲ್ಲಾದರೂ ಆಡಬಹುದು. ತಂಡಕ್ಕೆ ಕಿವಿಯಲ್ಲಿ ದಾರಿ ಹೇಳುವ ಬೇನ್ ಎಂಬವನು ಒಂದು ಕಂತಿನಲ್ಲಿ ಶತ್ರುಗಳ ಕೈಗೆ ಸಿಕ್ಕಿರುತ್ತಾನೆ. ಮರುಗಳಿಗೆ ಹಳೆಯ ಬ್ಯಾಂಕೊಂದನ್ನು ಆರಿಸಿದರೆ ಅದೇ ಬೇನ್ ಏನೂ ಆಗದವನಂತೆ ಕಿವಿಯಲ್ಲಿ ಮಾತಾಡುತ್ತಾನೆ. ನಮ್ಮ ದೊಡ್ಡಾಟಕ್ಕೆ ನಡುರಾತ್ರಿ ಹೋದವನಿಗೂ ತೊಂದರೆಯಿಲ್ಲ, ಕಥೆ ಊರಿಗೆಲ್ಲ ಗೊತ್ತು. ಇಲ್ಲಿ ಕಥೆ ಗೊತ್ತಿರುವುದು ಆಗ ಅಲ್ಲಿದ್ದವರಿಗೆ ಮಾತ್ರ.

2018ರ ನವೆಂಬರ್‌ನಲ್ಲಿ ಶ್ವೇತಭವನದ ದರೋಡೆಯೊಂದಿಗೆ ಕಥೆ ಮುಗಿಯಿತೆಂದರು. ಮರುತಿಂಗಳೇ ಸ್ಟಾರ್‌ಬ್ರೀಜ್ ಸಾಲದ ಸುಳಿಗೆ ಸಿಕ್ಕಿ ಪುನರ್ರಚನೆಗೆಂದು ನ್ಯಾಯಾಲಯದ ಮೆಟ್ಟಿಲೇರಿತು. ಆ ಸುಳಿಯ ನೀರು ಬೆಂಗಳೂರಿಗೂ ಬಡಿಯಿತು. ಹಾವೇರಿ ಜಿಲ್ಲೆ ಹುಟ್ಟಿದ 1997ನೇ ಇಸವಿಯಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಕಟ್ಟಿದ ‘ಧ್ರುವ ಇಂಟರ್‌ಆಕ್ಟಿವ್’ ನಮ್ಮ ದೇಶದ ಮೊದಮೊದಲ ಕಂಪ್ಯೂಟರ್ ಆಟದ ಸಂಸ್ಥೆಗಳಲ್ಲೊಂದು. ಅದರ ಬಹುಪಾಲು ಷೇರು ಕೊಳ್ಳುವುದಾಗಿ 2016ರ ಕೊನೆಗೆ ಸ್ಟಾರ್‌ಬ್ರೀಜ್ ಸಾರಿತ್ತು. ಕೈ ಬಿಗಿಯಾದಾಗ, 2019ರಲ್ಲಿ, ಸುಮಾರು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಸಂಸ್ಥೆಗೆ ಮಾರಿತು. ಅದೇ ವರ್ಷದ ಕೊನೆಗೆ, ಮುಗಿದ ಕಥೆಗೆ ಹೊಸ ಕಂತುಗಳೂ ಶುರುವಾದವು. ಮುಗಿದದ್ದು ಏಕೆ ಮುಗಿಯಿತು, ಮತ್ತೆ ಏಕೆ ಎದ್ದಿತು ಎಂಬುದಕ್ಕೆ ಕಥೆಗಿಂತ ಲೆಕ್ಕದ ಪುಸ್ತಕವೇ ಒಳ್ಳೆಯ ಉತ್ತರ ಕೊಡುತ್ತದೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದನಲ್ಲ, ಅಲ್ಲಿ ಹೊಲಿಗೆ ಕಂಡರೂ ಬಟ್ಟೆ ಒಂದೇ. ಇಲ್ಲಿ ತೇಪೆ.

2023ರ ಸೆಪ್ಟೆಂಬರ್‌ನಲ್ಲಿ ‘ಪೇಡೇ 3’ ಬಂತು. ಮೆಟ್ಟಿಲುಗಳನ್ನು ನಾಲ್ಕಕ್ಕಿಳಿಸಿ ಜಾಣತನ ತೋರಿಸಿದರು. ಆದರೆ ಒಬ್ಬನೇ ಆಡಲೂ ಇಂಟರ್ನೆಟ್ ಬೇಕೇ ಬೇಕೆಂದರು. ಮೊದಲ ದಿನಗಳಲ್ಲಿ ಅವರ ಸರ್ವರುಗಳೇ ಮಲಗಿ, ದುಡ್ಡು ಕೊಟ್ಟವರು ಬಾಗಿಲಲ್ಲಿ ನಿಂತರು. ನಮ್ಮ ಹುಡುಗರು ಹಳೆಯದಕ್ಕೇ ಅಂಟಿಕೊಂಡದ್ದಕ್ಕೆ ಇನ್ನೊಂದು ಕಾರಣ, ಅವರ ಹಳೆಯ ಲ್ಯಾಪ್‌ಟಾಪುಗಳು.

ಮೂರನೇ ರಾತ್ರಿ ಮೂವರೇ ಆಡಿ ಸೋತ ಮೇಲೆ ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಒಲೆಯ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆ ಕಂಡದ್ದೇ ರಥದಿಂದ ಹಾರಿ ಓಡಿದ ಉತ್ತರಕುಮಾರನನ್ನು ಬೃಹನ್ನಳೆ ಏನು ಮಾಡಿದಳು?

“ಹಿಡಕೊಂಡು ಬಂದು... ಲಗಾಮು ಕೊಟ್ಟ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಎತ್ತಿಕೊಂಡು ಹೊರಗೆ ಹೋದ. ಅಲ್ಲಿ ಏನು ಮಾತಾಯಿತೋ ತಿಳಿಯದು.

ನಾಲ್ಕನೇ ರಾತ್ರಿ ನಾಲ್ವರೂ ಇದ್ದರು. ಎರಡು ಮೆಟ್ಟಿಲು ಇಳಿದು ಹಾರ್ಡ್‌ನಲ್ಲಿ ಆಡಿದರು. ಗಳಿಕೆ ಕಡಿಮೆಯಾಯಿತೆಂದು ಶಿಗ್ಗಾವಿಯವ ಗೊಣಗಿದ. ಸವಣೂರಿನವನ ಪಾಲಿಗೆ ಬಂದದ್ದು ಡ್ರಿಲ್ಲು ಕಾಯುವುದು, ದುಡ್ಡಿನ ಚೀಲ ಹೊರುವುದು, ಔಷಧದ ಚೀಲ ಇಡುವುದು. ನಡುವೆ ಹಾಕ್ಸ್‌ಟನ್ ಯಾರು, ಹ್ಯೂಸ್ಟನ್ ಯಾರು ಎಂದು ಹಾನಗಲ್ಲಿನವ ಮೈಕಿನಲ್ಲಿ ಹರಿಕಥೆಯಂತೆ ಹೇಳುತ್ತಿದ್ದ. ಅರ್ಧಕ್ಕೆ ಹಿರೇಕೆರೂರಿನಲ್ಲಿ ಕರೆಂಟು ಹೋಗಿ ಅಲ್ಲಿಯವ ಮಾಯವಾದ. ಅದೇ ಹೊತ್ತಿಗೆ ಟೇಸರ್ ಒಬ್ಬ ನಮ್ಮವನನ್ನು ಹಿಡಿದ. “ಲೇ ಸವಣೂರ, ಬಾರಲೇ!” ಎಂಬ ಕೂಗು ಕೆಳಗಿನವರೆಗೂ ಕೇಳಿತು.

“ಈಗ ಯಾರು ಬಿದ್ರೋ?” ಎಂದರು ವೈನಿ, ಕೆಳಗಿನಿಂದಲೇ.

“ನಾನಬೇ!”