ಗಾಲಿಯೇರಿದ ಮನೆ

ಮನೆಯನ್ನು ಬಿಟ್ಟು ಮನುಷ್ಯರು ಹೊರಡುವುದು ಲೋಕರೂಢಿ. ಮನೆಯೇ ತಾನು ನಿಂತ ನೆಲವನ್ನು ಬಿಟ್ಟು ಹೊರಡುವುದು ಅಪರೂಪ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಎಕ್ಸೆಟರ್ ನಗರದಲ್ಲಿ 1961ರ ಡಿಸೆಂಬರಿನಲ್ಲಿ ಅಂತಹದೊಂದು ಪ್ರಸಂಗ ನಡೆಯಿತು.

ಎಡ್ಮಂಡ್ ಬೀದಿಯ ಆ ಮನೆ ಮಧ್ಯಯುಗದ್ದು, ಮೂರು ಅಂತಸ್ತಿನದು. ಓಕ್ ಮರದ ಕಂಬ ತೊಲೆಗಳೇ ಅದರ ಅಸ್ಥಿಪಂಜರ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ತುಸು ಮುಂದಕ್ಕೆ, ಬೀದಿಯತ್ತ ಚಾಚಿಕೊಂಡಿದೆ. ಇಕ್ಕಟ್ಟಾದ ನಿವೇಶನದಲ್ಲಿ ಮಾಳಿಗೆಗೆ ಹೆಚ್ಚು ಸ್ಥಳ ದೊರಕಿಸಲು ಅಂದಿನ ಬಡಗಿಗಳು ಬಳಸುತ್ತಿದ್ದ ಉಪಾಯವಿದು. 1942ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಸುರಿಸಿದ ಬಾಂಬುಗಳಿಗೆ ನಗರದ ನಡುಭಾಗ ಬಹುಮಟ್ಟಿಗೆ ಹಾಳಾದರೂ ಈ ಮನೆ ಉಳಿದುಕೊಂಡಿತು. ಯುದ್ಧದಿಂದ ಪಾರಾದ ಮನೆಗೆ ಶಾಂತಿಕಾಲದಲ್ಲಿ ಕುತ್ತು ಬಂದಿತು. ಹೊಸ ರಸ್ತೆಯ ದಾರಿಗೆ ಅದು ಅಡ್ಡವಾಗಿತ್ತು.

ಕೆಡಹುವುದಕ್ಕೆ ಬದಲಾಗಿ ಅದನ್ನು ಇಡಿಯಾಗಿ ಸಾಗಿಸುವುದೆಂದು ನಿಶ್ಚಯವಾಯಿತು. ಗೋಡೆಗಳಿಗೆ ಮರದ ಆಧಾರಗಳನ್ನು ಕೊಟ್ಟು ಬಿಗಿದರು. ಜಾಕುಗಳಿಂದ ಮೇಲೆತ್ತಿ, ಗಾಲಿಗಳ ಮೇಲಿರಿಸಿ, ಹಳಿಗಳ ಮೇಲೆ ಏರುದಾರಿಯಲ್ಲಿ ಮೆಲ್ಲಮೆಲ್ಲನೆ ಎಳೆದರು. ಭಾರ 20 ಟನ್ನಿಗೂ ಮಿಗಿಲು. ಕ್ರಮಿಸಿದ ದೂರ ಸುಮಾರು 70 ಮೀಟರು. ಹಿಡಿದ ಕಾಲ ಕೆಲವು ದಿನಗಳು. ಒಂದಕ್ಕೊಂದು ಬೆಸೆದುಕೊಂಡ ಮರದ ಚೌಕಟ್ಟು ಪೆಟ್ಟಿಗೆಯಂತೆ ಒಟ್ಟಾಗಿ ಚಲಿಸಿತು. ಹೆಸರಿಲ್ಲದ ಬಡಗಿಗಳ ಕೈಚಳಕಕ್ಕೆ ಶತಮಾನಗಳ ಅನಂತರ ದೊರೆತ ಪ್ರಶಸ್ತಿ ಇದೆನ್ನಬಹುದು.

ಇಂದು ಆ ಮನೆ ವೆಸ್ಟ್ ಸ್ಟ್ರೀಟಿನಲ್ಲಿ, ಪುರಾತನ ಇಗರ್ಜಿಯೊಂದರ ಸಮೀಪದಲ್ಲಿ, ಕಾನೂನಿನ ರಕ್ಷಣೆ ಪಡೆದು ನಿಂತಿದೆ. ಹೊಸ ತಾಣದಲ್ಲಿಯೂ ಹಳೆಯ ಮರದ ಮನೆಗಳ ನೆರೆ ದೊರೆತುದು ಅದರ ಪುಣ್ಯ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಉಳಿದುದು ಮನೆ ಮಾತ್ರ. ಅದು ಯಾವ ಬೀದಿಗೆ ಮುಖಮಾಡಿ ಹುಟ್ಟಿತೋ ಆ ಬೀದಿ ಉಳಿಯಲಿಲ್ಲ. ಪದವೊಂದನ್ನು ವಾಕ್ಯದಿಂದ ಕಿತ್ತು ಕೋಶದಲ್ಲಿರಿಸಿದರೆ ಅರ್ಥ ಉಳಿದೀತು, ಮಾತು ಉಳಿಯದು.

ಈ ಕೊರತೆ ಕಾನೂನಿಗೂ ಮನವರಿಕೆಯಾಯಿತು. 1947ರ ಶಾಸನ ಬಿಡಿಬಿಡಿಯಾದ ಕಟ್ಟಡಗಳನ್ನು ಪಟ್ಟಿಮಾಡಲು ಅವಕಾಶವಿತ್ತಿತ್ತು. 1967ರ ಶಾಸನ ಕಟ್ಟಡಗಳಷ್ಟೇ ಅಲ್ಲದೆ ಇಡೀ ಪ್ರದೇಶಗಳನ್ನೂ ಸಂರಕ್ಷಿತವೆಂದು ಸಾರುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಫ್ರಾನ್ಸ್ 1962ರಲ್ಲಿಯೇ ಅಂತಹ ಶಾಸನವನ್ನು ಮಾಡಿತ್ತು.

ಎಕ್ಸೆಟರಿನ ಜನ ಮಾಡಿದುದು ತಪ್ಪೆನ್ನಲಾಗದು. ಅಂದು ಅವರ ಮುಂದಿದ್ದ ಇನ್ನೊಂದು ದಾರಿ ಸುತ್ತಿಗೆಯದು. ಆದರೆ ಅದು ಕಡೆಯ ಗಳಿಗೆಯ ಉಪಾಯ. ರಸ್ತೆಯ ನಕ್ಷೆಗೆ ಗೆರೆ ಎಳೆಯುವ ಮೊದಲೇ ಬೀದಿಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಮನೆಗಳು ಗಾಲಿಯೇರಬೇಕಾಗಿ ಬರುವುದಿಲ್ಲ.