ಹಾಡು ಸಿಕ್ಕಿತು, ಮೇಷ್ಟ್ರು ಎಲ್ಲಿ?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸಿನಲ್ಲಿ ಭಾವಗೀತೆ ಹಾಕಿದರೆ ಅರ್ಧ ಬಸ್ಸು ಗುನುಗುತ್ತದೆ. ಹಾಡಿದವರು ಯಾರೆಂದರೆ ಸಿ. ಅಶ್ವತ್ಥ್ ಹೆಸರು ಥಟ್ಟನೆ ಬರುತ್ತದೆ. ಬರೆದವರು? “ಯಾರೋ ಕವಿಗಳಿರ್ಬೇಕು ಬಿಡ್ರೀ!”

ಆ “ಯಾರೋ ಕವಿ” ಬಸ್ಸು ಹೋಗಿ ನಿಲ್ಲುವ ಊರಿನವರೇ. 1926ರ ಫೆಬ್ರವರಿ 7ರಂದು ಶಿಕಾರಿಪುರದಲ್ಲಿ, ಶಾಲಾ ಮೇಷ್ಟ್ರ ಮಗನಾಗಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪ. ಗೋವಿಂದ ಪೈ, ಕುವೆಂಪು ಆದ ಮೇಲೆ ರಾಷ್ಟ್ರಕವಿ ಎನಿಸಿದ ಮೂರನೆಯವರು. ಆ ಗೌರವ ಬಂದದ್ದು 2006ರಲ್ಲಿ. 2013ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಹಾಡು ಅವರ ದುಡಿಮೆಯ ಒಂದು ಪಾಲು ಮಾತ್ರ. ಹೊಟ್ಟೆಪಾಡಿಗೂ ಪ್ರೀತಿಗೂ ಹಿಡಿದದ್ದು ಮೇಷ್ಟ್ರ ಕೆಲಸ. ಮೈಸೂರಿನಲ್ಲಿ ಕುವೆಂಪು ಅವರ ಶಿಷ್ಯ. ದಾವಣಗೆರೆ, ಮೈಸೂರು, ಹೈದರಾಬಾದಿನ ಉಸ್ಮಾನಿಯಾದಲ್ಲಿ ಪಾಠ ಹೇಳಿ 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ವಿದ್ವಾಂಸರನ್ನು ಸೇರಿಸಿಕೊಂಡು ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆಯ ಸಂಪುಟಗಳನ್ನು ಹೊರತಂದರು. ನವೋದಯದವರೂ ನವ್ಯದವರೂ ಜಗಳಕ್ಕೆ ನಿಂತಿದ್ದ ಕಾಲದಲ್ಲಿ ಯಾವ ಗುಂಪಿಗೂ ಬಾವುಟ ಹಿಡಿಯದೆ ತಮ್ಮ ಪಾಡಿಗೆ ಬರೆದರು. ಜನ ಅವರನ್ನು ಸಮನ್ವಯ ಕವಿ ಎಂದರು.

ಇನ್ನೊಂದು ಸಂಗತಿ ಗಮನಿಸಬೇಕು. 1984ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರ ಕವನ ಸಂಕಲನಕ್ಕಲ್ಲ, ‘ಕಾವ್ಯಾರ್ಥ ಚಿಂತನ’ ಎಂಬ ವಿಮರ್ಶೆಯ ಪುಸ್ತಕಕ್ಕೆ. ಸಂಸ್ಕೃತದ ರಸ, ಧ್ವನಿಯ ವಿಚಾರವನ್ನೂ ಪಶ್ಚಿಮದವರ ಕಾವ್ಯವಿಚಾರವನ್ನೂ ಕ್ಲಾಸಿನ ಹುಡುಗನಿಗೆ ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳುವುದು ಅವರ ಶಕ್ತಿ. ಆದರೆ ಪೇಟೆಯಲ್ಲಿ ಆ ಪುಸ್ತಕ ಕೇಳಿದರೆ ಅಂಗಡಿಯವನೂ ಮುಖ ಮುಖ ನೋಡಿಯಾನು!

ಹುಟ್ಟಿದ ದಿನ ಫೋಟೋಕ್ಕೆ ಹಾರ, ನಾಲ್ಕು ಭಾಷಣ, ಉಪ್ಪಿಟ್ಟು ಕಾಫಿ. ಇಷ್ಟಕ್ಕೇ ಮುಗಿದು ಹೋದರೆ ಹೇಗೆ? ಸರ್ಕಲ್ಲಿಗೆ ಹೆಸರಿಟ್ಟರೆ ಬಸ್ ಕಂಡಕ್ಟರ್ ಕೂಗಿಯಾನು, ಯಾರೂ ಓದಿದಂತಾಗದು.

“ದುಡ್ಡೆಲ್ಲಿದೆ?” ಎನ್ನುವ ಮಾತು ಬೇಡ. ಅಂಗಡಿ ಕಟ್ಟಡಕ್ಕೂ ಮನೆಗೂ ಕಂದಾಯ ಕಟ್ಟುವಾಗ ಗ್ರಂಥಾಲಯ ಕರವೂ ಸೇರಿರುತ್ತದೆ. 1965ರ ಕಾಯಿದೆಯೇ ಅದಕ್ಕೆ ಆಧಾರ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕೂ ಇದೆ. ತಾಲ್ಲೂಕಿಗೊಂದು ಗ್ರಂಥಾಲಯದಲ್ಲಾದರೂ ಜಿ.ಎಸ್.ಎಸ್. ಅವರ ಪದ್ಯ, ಗದ್ಯ ಎರಡೂ ಒಂದೇ ಬೀರುವಿನಲ್ಲಿ, ಕೈಗೆ ಸಿಗುವಂತೆ ಇರಲಿ. ಅಂಗಡಿ ಬಾಗಿಲು ಹಾಕಿ ಬರುವವರಿಗಾಗಿ ವಾರಕ್ಕೊಂದು ದಿನ ರಾತ್ರಿ ಒಂದು ಗಂಟೆ ಹೆಚ್ಚಿಗೆ ತೆರೆದಿರಲಿ. ಕಾಲೇಜು ಮೇಷ್ಟ್ರುಗಳು ತಿಂಗಳಿಗೊಮ್ಮೆ ಬಂದು ಒಂದು ಪದ್ಯ ಓದಿ ಅರ್ಥ ಹೇಳಲಿ.

ಮೇಷ್ಟ್ರಿಗೆ ಹಾರ ಹಾಕುವುದು ಸುಲಭ. ಅವರ ಪಾಠ ಕೇಳಿಸಿಕೊಳ್ಳುವುದೇ ಕಷ್ಟ. ಸಂಬಂಧಪಟ್ಟವರು ಕಷ್ಟದ ಕೆಲಸವನ್ನೇ ಮೊದಲು ಕೈಗೆತ್ತಿಕೊಳ್ಳಲಿ.