ವೈದ್ಯ ಅಧ್ಯಾಪಕರ ದನಿ ಮತ್ತು ಬೈಲಾದ ಬಲ

ವೃತ್ತಿ ಸಂಘಟನೆಯೊಂದರ ಬೈಲಾ ಎಂದರೆ ನೋಂದಣಾಧಿಕಾರಿಗಳ ಕಚೇರಿಗೆ ಒಮ್ಮೆ ಸಲ್ಲಿಸಿ, ಅನಂತರ ಕಪಾಟಿನಲ್ಲಿಟ್ಟು ಮರೆಯಬಹುದಾದ ಕಾಗದಪತ್ರ ಎಂಬ ಭಾವನೆ ಸುಶಿಕ್ಷಿತ ವಲಯದಲ್ಲೂ ಬೇರೂರಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಔಷಧಶಾಸ್ತ್ರ ಹಾಗೂ ಸೂಕ್ಷ್ಮಜೀವಿಶಾಸ್ತ್ರವನ್ನು ಬೋಧಿಸುವವರ ಸಂಘಗಳ ಮಟ್ಟಿಗಂತೂ ಈ ಭಾವನೆ ದುಬಾರಿಯಾಗಿ ಪರಿಣಮಿಸಬಹುದು. ವೈದ್ಯ ಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆಯಲ್ಲಿ ಬೋಧಕವರ್ಗಕ್ಕೆ ಮೀಸಲಾಗಿದ್ದ ಚುನಾಯಿತ ಸ್ಥಾನಗಳು ಈಗ ಉಳಿದಿಲ್ಲ. ಅಧ್ಯಾಪಕರು ತಮ್ಮ ಪ್ರತಿನಿಧಿಯನ್ನು ಮತ ಹಾಕಿ ಆರಿಸಿಕೊಳ್ಳಲು ಉಳಿದಿರುವ ಜಾಗವೆಂದರೆ ಅವರೇ ಕಟ್ಟಿಕೊಂಡ ಸಂಘಗಳು ಮಾತ್ರ. ಹೀಗಿರುವಾಗ ಆ ಸಂಘದ ಸದಸ್ಯರು ಯಾರು, ಮತ ಯಾರದು, ಪದಾಧಿಕಾರಿಗಳ ಅವಧಿ ಎಷ್ಟು, ಹಣದ ಲೆಕ್ಕ ಯಾರ ಮುಂದೆ ಎಂಬ ಪ್ರಶ್ನೆಗಳು ಕೇವಲ ಆಂತರಿಕ ವಿಷಯಗಳಾಗಿ ಉಳಿಯುವುದಿಲ್ಲ.

ಹೋದ ಸ್ಥಾನ

1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯಿದೆಯಡಿ ಎಂಸಿಐ ಎಂದೇ ಪರಿಚಿತವಾಗಿದ್ದ ಪರಿಷತ್ತಿನಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದು ಸ್ಥಾನವಿತ್ತು. ಆ ವಿಶ್ವವಿದ್ಯಾಲಯದ ವೈದ್ಯಕೀಯ ಬೋಧಕವರ್ಗದಿಂದಲೇ ಒಬ್ಬರನ್ನು ಸೆನೆಟ್ ಸದಸ್ಯರು ಚುನಾಯಿಸಿ ಕಳುಹಿಸುತ್ತಿದ್ದರು. ನೋಂದಾಯಿತ ವೈದ್ಯರು ರಾಜ್ಯವಾರು ಆರಿಸುತ್ತಿದ್ದ ಪ್ರತಿನಿಧಿಗಳು ಇದಕ್ಕೆ ಹೊರತಾಗಿದ್ದರು. ಕಾಗದದ ಮೇಲೆ ಇದು ಪ್ರಜಾಸತ್ತಾತ್ಮಕ ವ್ಯವಸ್ಥೆಯೇ ಸರಿ.

ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎಲ್ಲರಿಗೂ ತಿಳಿದದ್ದೇ. 2010ರ ಏಪ್ರಿಲ್‌ನಲ್ಲಿ ಪರಿಷತ್ತಿನ ಅಂದಿನ ಅಧ್ಯಕ್ಷರನ್ನು ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಮರು ತಿಂಗಳು ಸುಗ್ರೀವಾಜ್ಞೆಯ ಮೂಲಕ ಪರಿಷತ್ತನ್ನೇ ಬರಖಾಸ್ತುಗೊಳಿಸಿ, ನೇಮಿತ ಆಡಳಿತ ಮಂಡಳಿಗೆ ಅಧಿಕಾರ ವಹಿಸಲಾಯಿತು. ಮುಂದೆ ಪರಿಷತ್ತು ಪುನರ್ರಚನೆಗೊಂಡರೂ ವಿಶ್ವಾಸ ಮರಳಲಿಲ್ಲ. 2016ರ ಮಾರ್ಚ್‌ನಲ್ಲಿ ಆರೋಗ್ಯ ಕುರಿತ ಸಂಸದೀಯ ಸ್ಥಾಯಿ ಸಮಿತಿಯು ತನ್ನ 92ನೇ ವರದಿಯಲ್ಲಿ, ನಿಯಂತ್ರಕರನ್ನು ಚುನಾವಣೆಯ ಬದಲು ಪಾರದರ್ಶಕ ಆಯ್ಕೆಯ ಮೂಲಕ ನೇಮಿಸಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ನೇತೃತ್ವದಲ್ಲಿ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿತು.

ಇದರ ಫಲವೇ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆ. 2020ರ ಸೆಪ್ಟೆಂಬರ್ 25ರಂದು ಎನ್‌ಎಂಸಿ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷರೂ ಸೇರಿ 33 ಸದಸ್ಯರ ಈ ಆಯೋಗದಲ್ಲಿ 10 ಮಂದಿ ಪದನಿಮಿತ್ತ ಸದಸ್ಯರು, 22 ಮಂದಿ ಅರೆಕಾಲಿಕ ಸದಸ್ಯರು. ಅರೆಕಾಲಿಕರಲ್ಲಿ 10 ಮಂದಿ ರಾಜ್ಯಗಳ ಮತ್ತು ಕೇಂದ್ರಾಡಳಿತ ಪ್ರದೇಶಗಳ ನಾಮಿತರ ಪೈಕಿ ಸರದಿಯಂತೆ ಬರುತ್ತಾರೆ. 9 ಮಂದಿ ರಾಜ್ಯ ವೈದ್ಯಕೀಯ ಪರಿಷತ್ತುಗಳ ಕಡೆಯಿಂದ ಬರುತ್ತಾರೆ. ಅಂದರೆ ವೃತ್ತಿನಿರತ ವೈದ್ಯರಿಗೆ ಪರೋಕ್ಷವಾಗಿಯಾದರೂ ಒಂದು ಬಾಗಿಲು ತೆರೆದಿದೆ. ಆಯೋಗದಲ್ಲಿ ಬೋಧನಾನುಭವ ಉಳ್ಳವರಿಲ್ಲ ಎಂದೇನಲ್ಲ. ಆದರೆ ಅವರು ಅಧ್ಯಾಪಕರಿಂದ ಆರಿಸಲ್ಪಟ್ಟವರಲ್ಲ, ಅಧ್ಯಾಪಕರಿಗೆ ಉತ್ತರ ಹೇಳಬೇಕಾದವರೂ ಅಲ್ಲ.

ಒಂದು ನಿಯಮ, ಸಾವಿರಾರು ಬದುಕು

ಪ್ರಾತಿನಿಧ್ಯ ಇಲ್ಲದಿರುವುದರ ಪರಿಣಾಮವನ್ನು ಅರಿಯಲು ದೂರ ಹೋಗಬೇಕಿಲ್ಲ. ಎಂಸಿಐ 1998ರಲ್ಲಿ ರೂಪಿಸಿದ್ದ ಬೋಧಕರ ಅರ್ಹತಾ ನಿಯಮಗಳ ಪ್ರಕಾರ, ಎಂ.ಎಸ್ಸಿ. ಹಾಗೂ ಪಿಎಚ್.ಡಿ. ಪಡೆದ, ಎಂಬಿಬಿಎಸ್ ಓದಿರದ ಬೋಧಕರನ್ನು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಲ್ಲಿ ಶೇ 30ರವರೆಗೆ, ಜೀವರಸಾಯನಶಾಸ್ತ್ರದಲ್ಲಿ ಶೇ 50ರವರೆಗೆ ನೇಮಿಸಿಕೊಳ್ಳಲು ಅವಕಾಶವಿತ್ತು. ಇವರಲ್ಲಿ ಅನೇಕರು ವೈದ್ಯಕೀಯ ಕಾಲೇಜುಗಳಲ್ಲೇ ಮೂರು ವರ್ಷದ ಸ್ನಾತಕೋತ್ತರ ವ್ಯಾಸಂಗ ಮುಗಿಸಿದವರು. ಎನ್‌ಎಂಸಿ ಅಸ್ತಿತ್ವಕ್ಕೆ ಬಂದ ಮರು ತಿಂಗಳೇ, 2020ರ ಅಕ್ಟೋಬರ್‌ನಲ್ಲಿ, ಹೊಸ ನಿಯಮ ಹೊರಬಿತ್ತು. ಮೂರು ವಿಭಾಗಗಳಲ್ಲಿ ಈ ಪ್ರಮಾಣ ಶೇ 15ಕ್ಕೆ ಇಳಿಯಿತು. ಔಷಧಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಬಾಗಿಲು ಪೂರ್ಣವಾಗಿ ಮುಚ್ಚಿತು.

ಎಂ.ಎಸ್ಸಿ. ಬೋಧಕರ ರಾಷ್ಟ್ರೀಯ ಸಂಘಟನೆ ಇದನ್ನು ಪ್ರತಿಭಟಿಸಿತು. 2025ರ ಜುಲೈನಲ್ಲಿ ಪ್ರಕಟವಾದ ಬೋಧಕರ ಅರ್ಹತಾ ನಿಯಮಗಳಲ್ಲಿ ಔಷಧಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಲ್ಲೂ ಇವರ ನೇಮಕಕ್ಕೆ ಮತ್ತೆ ಅವಕಾಶ ದೊರೆಯಿತು. ನಡುವೆ ಕಳೆದದ್ದು ಸುಮಾರು ಐದು ವರ್ಷ. ಹುದ್ದೆಗೆ ಕಾದಿದ್ದ ಯುವ ಬೋಧಕನ ಬದುಕಿನಲ್ಲಿ ಐದು ವರ್ಷ ಸಣ್ಣ ಅವಧಿಯಲ್ಲ.

ವೈದ್ಯ ಪದವಿ ಇರುವ ಬೋಧಕರು ಹಾಗೂ ಇಲ್ಲದ ಬೋಧಕರ ನಡುವಣ ಹಿತಾಸಕ್ತಿಗಳು ಇಲ್ಲಿ ಪರಸ್ಪರ ವಿರುದ್ಧವಾಗಿದ್ದವು ಎಂಬುದನ್ನು ಮುಚ್ಚಿಡಬೇಕಿಲ್ಲ. ಒಂದೇ ವಿಭಾಗದಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೂರುವ ಈ ಇಬ್ಬರಲ್ಲಿ ವಿಷಯವಾರು ಸಂಘ ಯಾರ ಪರ ಮಾತನಾಡಬೇಕು? ಇದನ್ನು ನಿರ್ಧರಿಸುವುದು ಬೈಲಾದ ಸದಸ್ಯತ್ವದ ಕಲಮು. ‘ಪೂರ್ಣ ಸದಸ್ಯ’ ಯಾರು, ‘ಸಹ ಸದಸ್ಯ’ ಯಾರು, ಮತದಾನದ ಹಕ್ಕು ಮತ್ತು ಪದಾಧಿಕಾರಿಯಾಗುವ ಅರ್ಹತೆ ಯಾರಿಗೆ ಎಂಬ ನಾಲ್ಕು ಸಾಲುಗಳು ಸಾವಿರಾರು ಜನರ ದನಿಯನ್ನು ಉಳಿಸಬಲ್ಲವು ಅಥವಾ ಅಳಿಸಬಲ್ಲವು.

ಕಾನೂನಿನ ಕನಿಷ್ಠ ಮಿತಿ

ಕಾಯಿದೆಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. 1860ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಮಂದಿ ಸೇರಿದರೆ ಸಂಘ ಕಟ್ಟಬಹುದು. ಸಂಘದ ಉದ್ದೇಶ ಬದಲಿಸಬೇಕಾದರೆ 10 ದಿನ ಮುಂಚಿತವಾಗಿ ಸದಸ್ಯರಿಗೆ ತಿಳಿಸಬೇಕು, ಐದರಲ್ಲಿ ಮೂರು ಪಾಲು ಮತ ಬೇಕು, ತಿಂಗಳ ಅಂತರದ ಎರಡನೇ ಸಭೆಯಲ್ಲಿ ಅದು ದೃಢಪಡಬೇಕು. ಕರ್ನಾಟಕದಲ್ಲಿ ಜಾರಿಯಲ್ಲಿರುವ 1960ರ ಕಾಯಿದೆಯು ವಾರ್ಷಿಕ ಮಹಾಸಭೆ, ಲೆಕ್ಕಪತ್ರ ಸಲ್ಲಿಕೆಗಳನ್ನು ಕಡ್ಡಾಯಗೊಳಿಸಿ, ನೋಂದಣಾಧಿಕಾರಿಗೆ ವಿಚಾರಣೆಯ ಅಧಿಕಾರವನ್ನೂ ಕೊಟ್ಟಿದೆ. ಸಂಘ ಹಳಿ ತಪ್ಪಿದರೆ ಆಡಳಿತಾಧಿಕಾರಿಯನ್ನು ನೇಮಿಸಲೂ ಅವಕಾಶವಿದೆ.

ಆದರೆ ಅಧ್ಯಕ್ಷರು ಎಷ್ಟು ಬಾರಿ ಮರುಆಯ್ಕೆ ಆಗಬಹುದು, ಚುನಾವಣೆಯನ್ನು ಯಾರು ನಡೆಸಬೇಕು, ಹಿತಾಸಕ್ತಿ ಸಂಘರ್ಷ ಎಂದರೇನು ಎಂಬುದನ್ನು ಮುಖ್ಯವಾಗಿ ಬೈಲಾವೇ ಹೇಳಬೇಕು. ಬೈಲಾದಲ್ಲಿ ಬರೆದದ್ದಕ್ಕೆ ನ್ಯಾಯಾಲಯ ಬೆಲೆ ಕೊಡುತ್ತದೆ. ಬೆಳಗಾವಿಯ ಫ್ರೀಮೇಸನ್ ಲಾಡ್ಜ್‌ನಿಂದ ಹೊರಹಾಕಲ್ಪಟ್ಟ ಸದಸ್ಯರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದ ಆದಿಯಲ್ಲೇ ಈ ತತ್ವವನ್ನು ಸ್ಪಷ್ಟಪಡಿಸಿತ್ತು. ಸದಸ್ಯ ಸಂಸ್ಥೆಯ ನಿಯಮಗಳಿಗೆ ಬದ್ಧ. ಅವನನ್ನು ಹೊರಹಾಕುವುದಾದರೂ ಆ ನಿಯಮಗಳ ಪ್ರಕಾರವೇ, ಸಹಜ ನ್ಯಾಯಕ್ಕೆ ಚ್ಯುತಿ ಬಾರದಂತೆಯೇ ಹೊರಹಾಕಬೇಕು. ಬರೆಯದೇ ಬಿಟ್ಟದ್ದನ್ನು ಮಾತ್ರ ಯಾವ ನ್ಯಾಯಾಲಯವೂ ಸುಲಭವಾಗಿ ಸೇರಿಸಿಕೊಡಲಾರದು.

ಕ್ರಿಕೆಟ್ ಕಲಿಸಿದ ಪಾಠ

ಇದಕ್ಕೊಂದು ಅಪವಾದವೂ ಉಂಟು. ಕ್ರಿಕೆಟ್ ಮಂಡಳಿ ಬಿಸಿಸಿಐ ಕೂಡ ತಮಿಳುನಾಡಿನ ಸಂಘಗಳ ಕಾಯಿದೆಯಡಿ ನೋಂದಾಯಿತವಾದ ಒಂದು ಸಂಘವೇ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಯು ಅದರ ಸಂವಿಧಾನವನ್ನೇ ತಿದ್ದಿ ಬರೆಯಲು ಸೂಚಿಸಿತು. ಅಧಿಕಾರಾವಧಿಗೆ ಮಿತಿ, ನಡುವೆ ಕಡ್ಡಾಯ ವಿರಾಮ, ವಯೋಮಿತಿ, ಸ್ವತಂತ್ರ ಚುನಾವಣಾಧಿಕಾರಿ, ಒಂಬುಡ್ಸ್‌ಮನ್, ಹಿತಾಸಕ್ತಿ ಸಂಘರ್ಷದ ಸ್ಪಷ್ಟ ವ್ಯಾಖ್ಯೆ ಇವು ಅದರ ಮುಖ್ಯಾಂಶಗಳು. 2018 ಹಾಗೂ 2022ರಲ್ಲಿ ನ್ಯಾಯಾಲಯವೇ ಕೆಲವನ್ನು ಸಡಿಲಿಸಿತಾದರೂ ಚೌಕಟ್ಟು ಉಳಿಯಿತು. ಆ ಸಮಿತಿಯ ಮುಖ್ಯಸ್ಥರೂ ಎಂಸಿಐ ಮೇಲ್ವಿಚಾರಣೆಗೆ ನೇಮಕಗೊಂಡವರೂ ಅದೇ ನ್ಯಾಯಮೂರ್ತಿ ಲೋಧಾ ಎಂಬುದು ಗಮನಾರ್ಹ. ಕೋಟ್ಯಂತರ ಅಭಿಮಾನಿಗಳ ಆಟಕ್ಕೆ ನ್ಯಾಯಾಲಯ ಧಾವಿಸಿತು. ಅಧ್ಯಾಪಕರ ಸಂಘಗಳ ನೆರವಿಗೆ ಹಾಗೆ ಯಾರೂ ಬರಲಾರರು. ಅವು ತಮ್ಮ ಮನೆಯನ್ನು ತಾವೇ ಗುಡಿಸಿಕೊಳ್ಳಬೇಕು.

ಎರಡು ಸೂಕ್ಷ್ಮ ಜಾಗಗಳು

ಗುಡಿಸಬೇಕಾದ ಮೊದಲ ಮೂಲೆ ಸಮ್ಮೇಳನಗಳ ಹಣ. ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ ಸೌಲಭ್ಯ ಸ್ವೀಕರಿಸದಂತೆ ಎಂಸಿಐ 2009ರ ಡಿಸೆಂಬರ್‌ನಲ್ಲಿ ವೈದ್ಯರಿಗೂ ವೈದ್ಯರ ವೃತ್ತಿ ಸಂಘಗಳಿಗೂ ನಿರ್ಬಂಧ ವಿಧಿಸಿತ್ತು. 2016ರಲ್ಲಿ ‘ವೃತ್ತಿ ಸಂಘಗಳು’ ಎಂಬ ಪದವನ್ನು ಆ ನಿಯಮದಿಂದ ಕಿತ್ತುಹಾಕಲಾಯಿತು. ಎನ್‌ಎಂಸಿ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಕಟ್ಟುನಿಟ್ಟಿನ ವೃತ್ತಿ ನಡತೆ ನಿಯಮಗಳು ಅದೇ ತಿಂಗಳು ತಡೆಹಿಡಿಯಲ್ಪಟ್ಟವು. ಪ್ರಾಯೋಜಕರ ಪಟ್ಟಿ, ಬಂದ ಹಣ, ಆದ ವೆಚ್ಚವನ್ನು ಸದಸ್ಯರ ಮುಂದಿಡಬೇಕೆಂದು ಸಂಘವೇ ತನ್ನ ಬೈಲಾದಲ್ಲಿ ಬರೆದುಕೊಂಡರೆ ಈ ಲೋಪ ಬಹುಮಟ್ಟಿಗೆ ತುಂಬಬಹುದು.

ಎರಡನೆಯದು ಪರಿವೀಕ್ಷಣೆ. ವೈದ್ಯಕೀಯ ಕಾಲೇಜುಗಳ ಪರಿವೀಕ್ಷಣೆಗೆ ತೆರಳುವ ಅಸೆಸರ್‌ಗಳು ಅಧ್ಯಾಪಕ ವರ್ಗದವರೇ. ಪರಿವೀಕ್ಷಣೆಯ ಗೋಪ್ಯ ಮಾಹಿತಿ ಸೋರಿಕೆ ಹಾಗೂ ಲಂಚದ ಆರೋಪಗಳ ಮೇಲೆ ಸಿಬಿಐ 2025ರಲ್ಲಿ ಪ್ರಕರಣ ದಾಖಲಿಸಿದೆ. ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲಿ. ಆದರೆ ಸಂಘದ ಪದಾಧಿಕಾರಿಯೊಬ್ಬರು ಅಸೆಸರ್ ಆಗಿಯೂ, ಖಾಸಗಿ ಕಾಲೇಜಿನ ಸಲಹೆಗಾರರಾಗಿಯೂ ಇದ್ದರೆ ಅದನ್ನು ಬಹಿರಂಗಪಡಿಸಬೇಕೆಂದು ವಿಧಿಸಲು ಸಂಘಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಎನ್‌ಎಂಸಿ ಸದಸ್ಯರು ಅಧಿಕಾರ ವಹಿಸುವಾಗಲೂ ಬಿಡುವಾಗಲೂ ಆಸ್ತಿ ಹೊಣೆಗಳನ್ನು ಘೋಷಿಸಬೇಕು. ಅಧ್ಯಕ್ಷರ ಅವಧಿ 4 ವರ್ಷ ಮೀರುವಂತಿಲ್ಲ, ಮರುನೇಮಕವಿಲ್ಲ. ನಿಯಂತ್ರಕನಿಗೆ ವಿಧಿಸಿದ ಶಿಸ್ತನ್ನು ನಿಯಂತ್ರಕನನ್ನು ಪ್ರಶ್ನಿಸುವವರು ತಮಗೂ ವಿಧಿಸಿಕೊಳ್ಳುವುದು ನ್ಯಾಯ.

ಸ್ವಯಂಸೇವೆಯಿಂದ ನಡೆಯುವ ಸಣ್ಣ ಸಂಘಗಳಿಗೆ ಇಷ್ಟೊಂದು ನಿಯಮಗಳ ಭಾರ ಬೇಕೇ, ಪಾಠ, ಪರೀಕ್ಷೆ, ಆಡಳಿತದ ನಡುವೆ ಪದಾಧಿಕಾರಿಯಾಗಲು ಮುಂದೆ ಬರುವವರೇ ವಿರಳ ಎಂಬ ವಾದದಲ್ಲಿ ಹುರುಳಿದೆ. ಅವಧಿ ಮಿತಿಯನ್ನು ಕಣ್ಣುಮುಚ್ಚಿ ಹೇರಿದರೆ ಅನುಭವಿಗಳೇ ಇಲ್ಲದ ಸಮಿತಿ ಉಳಿದೀತು. ಆದ್ದರಿಂದ ಬೇಕಾದದ್ದು ದಪ್ಪ ಗ್ರಂಥವಲ್ಲ. ಬೋಧಿಸುವ ಎಲ್ಲರಿಗೂ ಸಮಾನ ಮತ, ಸ್ಪರ್ಧಿಯಲ್ಲದ ಚುನಾವಣಾಧಿಕಾರಿ, ಅವಧಿಗೆ ಮಿತಿ, ಲೆಕ್ಕದ ಬಹಿರಂಗ, ಸಂಘದ ಹೆಸರಿನಲ್ಲಿ ಆಯೋಗಕ್ಕೆ ಪತ್ರ ಬರೆಯುವ ಮುನ್ನ ಸದಸ್ಯರ ಅಭಿಪ್ರಾಯ ಸಂಗ್ರಹ: ಈ ಐದು ಕಲಮುಗಳು ಎರಡು ಪುಟಗಳಲ್ಲಿ ಹಿಡಿಯುತ್ತವೆ.

ಚುನಾವಣೆ ಇದ್ದೂ ಹೊಣೆಗಾರಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಂಸಿಐ ಸಾಕ್ಷಿ. ಪ್ರಾತಿನಿಧ್ಯವಿಲ್ಲದ ನೇಮಕದಿಂದ ಏನಾಗುತ್ತದೆ ಎಂಬುದಕ್ಕೆ 2020ರ ನಿಯಮ ಸಾಕ್ಷಿ. ಕರಡು ನಿಯಮವೊಂದು ಆಯೋಗದಿಂದ ಇನ್ನೊಮ್ಮೆ ಹೊರಬಿದ್ದಾಗ ಅಧ್ಯಾಪಕರ ಸಂಘ ಬರೆಯುವ ಆಕ್ಷೇಪಣಾ ಪತ್ರದ ತೂಕವನ್ನು ಅದರ ಕೆಳಗಿನ ಸಹಿ ನಿರ್ಧರಿಸುವುದಿಲ್ಲ. ಸಹಿ ಮಾಡಿದವರನ್ನು ಯಾರು, ಹೇಗೆ ಆರಿಸಿದರು ಎಂಬುದು ನಿರ್ಧರಿಸುತ್ತದೆ. ಅದರ ಉತ್ತರ ಇರುವುದು ಕಪಾಟಿನಲ್ಲಿ ಮರೆತ ಆ ಕಾಗದದಲ್ಲೇ.